ಗುನುಗಿನ ಮೇಲಿನ ಎಳೆ

ಫ್ರಿಜ್ಜಿನ ಬಾಗಿಲು ಅರ್ಧ ತೆರೆದೇ ಇತ್ತು. ಸುಧೀಂದ್ರ ಅದಕ್ಕೆ ಬೆನ್ನು ಕೊಟ್ಟು ನಿಂತು ಮೊಸರಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದ. ರಾಗಿಣಿ ತಲೆಗೆ ಟವೆಲ್ಲು ಸುತ್ತಿಕೊಂಡೇ ಬಚ್ಚಲಿನಿಂದ ಓಡಿಬಂದು ಬಾಗಿಲನ್ನು ಧಡಾರನೆ ಹಾಕಿದಳು. "ಆಗ್ಲಿಂದ ಬಡ್ಕೋತಾ ಇದೆ, ಪಕ್ಕದಲ್ಲೇ ನಿಂತಿದೀರಲ್ರೀ, ಹಾಕ್ಬಾರ್ದಾ?" ಏನು ಬಡ್ಕೋತಾ ಇದೆ ಎಂದು ಕೇಳಲು ಬಾಯಿ ತೆರೆದವನು ಮಾತನ್ನು ಅಲ್ಲೇ ನುಂಗಿಕೊಂಡು, "ಹಾಕ್ತಿದ್ದೆ ಕಣೇ, ಮೊಸರು ತಗೋತಿದ್ದೆ," ಎಂದ. ಅವಳು ಅವನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ ಮತ್ತೆ ಬಚ್ಚಲಿಗೆ ಹೋದಳು. ಬಚ್ಚಲಿನ ಚಿಲಕ ಬಿದ್ದದ್ದು ಕೇಳಿಸಿತು. ಚಿಲಕ ಕೇಳಿಸುತ್ತದೆ, ನೀರು ಬೀಳುವುದು ಕೇಳಿಸುತ್ತದೆ, ಕೆಳಗಡೆ ಸೊಪ್ಪಿನವಳ ಕೂಗು ಕೇಳಿಸುತ್ತದೆ; ಹಾಗಾದರೆ ಏನಾಗಿದೆ ತನಗೆ, ಏನೂ ಆಗಿಲ್ಲವಲ್ಲ! ಕಳ್ಳನ ಹಾಗೆ ಮೆಲ್ಲಗೆ ಫ್ರಿಜ್ಜಿನ ಬಾಗಿಲನ್ನು ಪುನಃ ತೆರೆದು, ಅದರ ಮೂಲೆಗೆ ಕಿವಿ ಕೊಟ್ಟು ಕಾದ. ತಣ್ಣನೆಯ ಗಾಳಿ ಕೆನ್ನೆಗೆ ಬಂತು, ನಿನ್ನೆಯ ಹುಳಿಯ ವಾಸನೆ ಬಂತು, ಬಾಗಿಲು ತೆರೆದಿಟ್ಟರೆ ಬರುವ ಪೀಂಪೀಂ ಸದ್ದು ಬರಲಿಲ್ಲ. ಕೆಟ್ಟು ಹೋಗಿರಬೇಕು ಎಂದುಕೊಳ್ಳುತ್ತಿರುವಾಗಲೇ ಎರಡು ಬಾಗಿಲಿನಾಚೆಯಿಂದ, ಬಚ್ಚಲೊಳಗಿನಿಂದ, ರಾಗಿಣಿ ಕೂಗಿದಳು. "ರೀ! ಮತ್ತೆ ಬಡ್ಕೋತಾ ಇದೆ!" ಅವನು ಬಾಗಿಲು ಹಾಕಿ, ಮೊಸರನ್ನು ಅನ್ನಕ್ಕೆ ಸುರಿದುಕೊಂಡು ನಿಂತೇ ತಿಂದ.

ಅವನಿಗೆ ಕೇಳಿಸುತ್ತಿದ್ದದ್ದು ಬೇರೆಯೇ ಒಂದು. ಸಣ್ಣಗೆ, ನೂಲಿನಷ್ಟು ತೆಳ್ಳಗೆ, ಖಾಲಿ ಬಾಟಲಿಯ ಬಾಯಿಗೆ ಯಾರೋ ಬಿಡದೆ ಊದುತ್ತಿರುವ ಹಾಗೆ ಒಂದು ಶಿಳ್ಳೆ. ಮೊದಮೊದಲು ಅದು ಮಲಗುವ ಕೋಣೆಯಲ್ಲಿ ಮಾತ್ರ ಇತ್ತು. ನಲ್ಲಿ ಸರಿಯಾಗಿ ತಿರುಗಿಸಿಲ್ಲವೆಂದು ಎದ್ದು ನೋಡಿದ. ಇನ್ವರ್ಟರಿನದು ಎಂದು ಅದರ ವೈರು ಕಿತ್ತ. ಮೇಲಿನ ಮನೆಯವರು ಮೋಟಾರು ಆರಿಸಿಲ್ಲವೆಂದು ಹೋಗಿ ಬಾಗಿಲು ತಟ್ಟಿದ. ಅನಂತಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಹೊರಗೆ ಬಂದು, "ಮೋಟರು ಕೆಟ್ಟು ವಾರ ಆಯ್ತಲ್ಲ ಸುಧೀಂದ್ರ, ಟ್ಯಾಂಕರ್ ತರಿಸ್ತಿದೀವಲ್ಲ," ಎಂದು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ್ದರು. ಅದಾದ ಮೇಲೆ ಹುಡುಕುವುದನ್ನು ಬಿಟ್ಟ. ಈಗ ಅದು ಹಜಾರಕ್ಕೂ ಬರುತ್ತದೆ, ಅಡುಗೆಮನೆಗೂ ಬರುತ್ತದೆ. ಇರುವ ಸದ್ದು ಕೇಳಿಸುವುದಿಲ್ಲ, ಇಲ್ಲದ ಸದ್ದು ಬಿಡುವುದಿಲ್ಲ. ಇದೆಂಥ ವ್ಯಾಪಾರ! ರಾಗಿಣಿ ಸ್ಕೂಲಿಗೆ ಹೊರಟು ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತ, "ಒಂದ್ಸಲ ತೋರಿಸ್ಕೊಂಡ್ ಬನ್ನಿ ಅಂದ್ರೆ ನಿಮಗೆ ಯಾಕ್ರೀ ಅಷ್ಟು ಕೋಪ? ನಮ್ಮ ಜಲಜಾ ಟೀಚರ್ ಅಣ್ಣ ಕಿವಿ ಡಾಕ್ಟ್ರು, ಇಲ್ಲೇ ಬಸವೇಶ್ವರನಗರದಲ್ಲಿ," ಎಂದಳು. "ಈ ಮನೆ ಇಷ್ಟು ವರ್ಷ ಉಂಡಿರೋದು ಈ ಕಿವಿಯಿಂದ ಕಣೇ, ನಂಗೇನೂ ಆಗಿಲ್ಲ," ಎಂದು ರೇಗಿದ. ರೇಗಿದ್ದಕ್ಕೆ ತನಗೇ ನಾಚಿಕೆಯಾಗಿ ಅವಳ ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಟ್ಟ.

ವಿಜಯನಗರದ ಮೆಟ್ರೋ ಹತ್ತಿ ಕಿಟಕಿಯ ಕಡೆ ಮುಖ ಮಾಡಿ ನಿಂತ. ನಿನ್ನೆ ಸಾಯಂಕಾಲ ಮುತ್ತುರಾಜ ಫೋನು ಮಾಡಿದ್ದ. ಕೆಂಗೇರಿಯಾಚೆ, ನೀರಿನ ಬಾಟಲಿ ತುಂಬುವ ಕಾರ್ಖಾನೆಯ ಉಸ್ತುವಾರಿ ಅವನದು. "ಆ ಹಾಲವ್ವ ಬಿಡ್ತಾ ಇಲ್ಲ ಸಾರ್. ಸದ್ದು ಸದ್ದು ಅಂತ ದಿನಾ ಒಂದೇ ರಾಗ. ಈಗ ಉಳಿದ ಹೆಂಗಸರೂ ಶುರು ಹಚ್ಕೊಂಡಿದಾರೆ. ನೀವು ಬಂದು ಒಂದು ಮಾತು ಹೇಳ್ಬಿಡಿ. ತಪ್ಪು ಲೈನಿನದು ಅಂದ್ರೆ ಸರಿಮಾಡಿ. ಇಲ್ಲ ಅಂದ್ರೆ ಅವಳನ್ನ ನಾಳೆನೇ ಕಳಿಸ್ಬಿಡ್ತೀನಿ, ಉಳಿದೋರು ತಾವಾಗೇ ತೆಪ್ಪಗಾಗ್ತಾರೆ." ಹೋದ ಸಲ ಹೋಗಿದ್ದಾಗಲೇ ಸುಧೀಂದ್ರ ಒಂದು ಮಾತು ಹೇಳಿಬಂದಿದ್ದ. ಬಾಟಲಿಗಳ ಸಾಲು ತಲೆಯ ಮೇಲೆ ತಿರುವು ತೆಗೆದುಕೊಳ್ಳುವ ಬಾಗಿನ ಕೆಳಗೆ ನಿಂತು, ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಆ ಹೆಂಗಸು ಎದುರಿಗೇ ಇರುವಾಗ, ಸರಿಯಾಗೇ ಇದೆಯಲ್ಲಮ್ಮ, ಏನೂ ಇಲ್ಲ ಎಂದಿದ್ದ. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡಿದ್ದರು, ಅದರಲ್ಲೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಆ ನಗು ಯಾಕೆ ಬಂತು ಎಂದು ಅವನು ಆವತ್ತಿನಿಂದ ತಲೆ ಕೆಡಿಸಿಕೊಂಡಿದ್ದ. ಹಾಲವ್ವ ನಗಲಿಲ್ಲ. ದೊಡ್ಡವರೇ ಹೀಗೆ ಹೇಳಿದ ಮೇಲೆ ಇನ್ನೇನು ಎನ್ನುವಂತೆ ಹೋಗಿ ತನ್ನ ಸ್ಟೂಲಿನ ಮೇಲೆ ಕುಳಿತಿದ್ದಳು. ಅವಳು ನಕ್ಕಿದ್ದರೂ ಇಷ್ಟು ಬಾಧೆಯಾಗುತ್ತಿರಲಿಲ್ಲ.

ಅವನು ಮಾಡುವ ಕೆಲಸವನ್ನು ಯಾರಿಗಾದರೂ ವಿವರಿಸುವುದೆಂದರೆ ಮೊದಲು ಅವರು ನಂಬುವುದಿಲ್ಲ. ಊದಿ ತಯಾರಾದ ಖಾಲಿ ಬಾಟಲಿ ನೀರು ತುಂಬುವ ಯಂತ್ರದವರೆಗೆ ಹೋಗಬೇಕು. ಅದಕ್ಕೆ ಕೆಳಗಡೆ ಪಟ್ಟಿ ಇಲ್ಲ, ಸರಪಳಿ ಇಲ್ಲ. ತಲೆಯ ಮೇಲೆ ಉದ್ದಕ್ಕೆ ಒಂದು ತಗಡಿನ ಕೊಳವೆ, ಅದರ ಕೆಳಗೆ ಎರಡು ಹಳಿ. ಬಾಟಲಿಯ ಕತ್ತಿನಲ್ಲಿ ಬಳೆಯ ಹಾಗಿರುವ ಅಂಚು ಆ ಹಳಿಗಳ ಮೇಲೆ ಕೂರುತ್ತದೆ, ಮೈ ಪೂರ್ತಿ ಕೆಳಗೆ ಜೋತುಬೀಳುತ್ತದೆ. ಕೊಳವೆಯ ಸೀಳುಗಳಿಂದ ಬರುವ ಗಾಳಿ ಕತ್ತಿಗೆ ಬಡಿದು ತಳ್ಳುತ್ತದೆ. ಸಾವಿರಾರು ಬಾಟಲಿಗಳು ಯಾರ ಕೈಯೂ ಸೋಕದೆ ಸಾಲಾಗಿ ತೇಲುತ್ತ ಹೋಗುವುದನ್ನು ಮೊದಲ ಸಲ ನೋಡಿದಾಗ ಅವನಿಗೆ ರೋಮಾಂಚನವಾಗಿತ್ತು, ಈಗಲೂ ಒಮ್ಮೊಮ್ಮೆ ಆಗುತ್ತದೆ. ಕಷ್ಟವಿರುವುದೆಲ್ಲ ಗಾಳಿಯ ಹದದಲ್ಲಿ. ಕಮ್ಮಿಯಾದರೆ ಬಾಟಲಿ ಬಾಗಿನಲ್ಲಿ ವಾಲಿ ನಿಂತುಬಿಡುತ್ತದೆ, ಹಿಂದಿನದು ಬಂದು ಗುದ್ದುತ್ತದೆ. ಹೆಚ್ಚಾದರೆ ಕತ್ತು ತರಚುತ್ತದೆ, ಸೀಳುಗಳು ಅರಚುತ್ತವೆ. ಕೊಳವೆಯೊಳಗೆ ಗಾಳಿಗೆ ಅಡ್ಡ ನಿಲ್ಲುವ ತಗಡೊಂದಿದೆ, ಡ್ಯಾಂಪರ್; ಹೊರಗಡೆ ಅದರ ಹಿಡಿ. ಆ ಹಿಡಿ ಎಲ್ಲಿ ನಿಲ್ಲಬೇಕೆಂಬುದೇ ವಿದ್ಯೆ. ಅವನಿಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದ ಗುರುಸಿದ್ದಯ್ಯನವರು ಅದನ್ನು ಕಿವಿಯಿಂದ ಕಲಿಸಿದರು. ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯ ಕೊನೆಯಲ್ಲಿರುವ, ಕಂಪನಿಯ ಮಾಲೀಕ ಲಕ್ಷ್ಮೀಪತಿಯವರ ಶೆಡ್ಡಿನಲ್ಲಿ, ಪರೀಕ್ಷೆಗೆಂದು ಕಟ್ಟಿದ ತುಂಡು ಹಳಿಯ ಕೆಳಗೆ ನಿಲ್ಲಿಸಿ, "ಕಣ್ಣು ಮುಚ್ಚೋ. ಬಾಟ್ಲಿ ಎಲ್ಲಾ ಸೇರಿ ಗುನುಗ್ತಾವೆ. ಗಾಳಿ ಏರಿಸ್ತಾ ಹೋಗು. ಆ ಗುನುಗಿನ ಮೇಲೆ ಒಂದು ಎಳೆ ಬರುತ್ತೆ, ಸಣ್ಣದು. ಬಂತು ಅಂದ ತಕ್ಷಣ ಕೈ ಬಿಡು. ಒಂದು ಕೂದಲೂ ಮುಂದಕ್ಕೆ ಹೋಗ್ಬೇಡ," ಎಂದಿದ್ದರು. ಅವತ್ತು ಆ ಎಳೆ ಕೇಳಿಸಿದ್ದು ನಿಜ, ದೇವರಾಣೆಗೂ ನಿಜ. ಲಕ್ಷ್ಮೀಪತಿಯವರು ಇವತ್ತಿಗೂ ಗಿರಾಕಿಗಳ ಮುಂದೆ, ಬೇರೆಯವರ ಹತ್ತಿರ ಮೀಟರ್ ಇರುತ್ತೆ, ನಮ್ಮ ಹತ್ತಿರ ಸುಧೀಂದ್ರ ಇದ್ದಾನೆ ಎಂದು ಅವನ ಹೆಗಲು ತಟ್ಟುತ್ತಾರೆ.

ಜ್ಞಾನಭಾರತಿಯಲ್ಲಿ ಹುಡುಗರ ಗುಂಪೊಂದು ಇಳಿಯಿತು. ಬಾಗಿಲು ಮುಚ್ಚುವ ಮುಂಚೆ ಒಂದು ಸದ್ದು ಬರುತ್ತದೆಯಲ್ಲ, ಅದು ಬಂತೋ ಇಲ್ಲವೋ ಅವನು ಗಮನಿಸಲು ಮರೆತ. ಅಥವಾ ಗಮನಿಸಿದ, ಬರಲಿಲ್ಲ. ಗುರುಸಿದ್ದಯ್ಯನವರ ಕೊನೆಕೊನೆಯ ವರ್ಷಗಳಲ್ಲಿ ಅವರ ಕೈ ಒಂದು ಹೆಬ್ಬೆರಳಿನಷ್ಟು ಮುಂದಕ್ಕೆ ಹೋಗತೊಡಗಿತ್ತು. ರಾಜಾಜಿನಗರದ ಸೋಡಾ ಕಾರ್ಖಾನೆಯಲ್ಲಿ ಅವರು ಕಣ್ಣು ಮುಚ್ಚಿ ಹಿಡಿ ಏರಿಸುತ್ತ ಹೋದರೆ ಸುತ್ತ ನಿಂತವರೆಲ್ಲ ಮುಖ ಕಿವುಚಿಕೊಳ್ಳುತ್ತಿದ್ದರು. ಅವರು ಮಾತ್ರ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಏರಿಸಿ, ಆಮೇಲೆ ಸಂತೋಷದಿಂದ, "ಬಂತು!" ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಅವರು ಚಹಾ ಕುಡಿಯಲು ಹೊರಗೆ ಹೋದಾಗ ಸುಧೀಂದ್ರ ಏಣಿ ಹತ್ತಿ, ಹಿಡಿಯನ್ನು ಒಂದು ಹೆಬ್ಬೆರಳು ಕೆಳಕ್ಕೆ ಇಳಿಸಿಬರುತ್ತಿದ್ದ. ಯಾರಿಗೂ ಹೇಳಲಿಲ್ಲ. ಅವರಿಗಂತೂ ಹೇಳುವ ಮಾತೇ ಇರಲಿಲ್ಲ. ಹೇಗೆ ಹೇಳುವುದು? ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲವೆಂದು ಗೊತ್ತಿದ್ದರೂ ಏಣಿ ಇಳಿಯುವಾಗ ಪ್ರತಿಸಲ ಅವನಿಗೆ ಒಳಗೊಳಗೇ ಒಂದು ಹೆಮ್ಮೆ ಆಗುತ್ತಿತ್ತು. ಮೋರಿಯಾಗಿಹೋದ ವೃಷಭಾವತಿಯ ನೊರೆ ಕಿಟಕಿಯಾಚೆ ಕಾಣಿಸಿ ಮರೆಯಾಯಿತು.

ಕೆಂಗೇರಿಯ ನಿಲ್ದಾಣದ ಕೆಳಗೆ ಡ್ರೈವರನ ಜೊತೆ ಕಂಪನಿಯ ವ್ಯಾನು ನಿಲ್ಲಿಸಿಕೊಂಡು ಸೌಮ್ಯಶ್ರೀ ಕಾಯುತ್ತಿದ್ದಳು. ಐದಾರು ವರ್ಷದಿಂದ ಅವನ ಜೊತೆಯೇ ಕೆಲಸ ಮಾಡುವವಳು, ಅವನು ಎಳೆದ ನಕಾಶೆಗೆ ವಿದ್ಯುತ್ತಿನ ಭಾಗವನ್ನೆಲ್ಲ ಜೋಡಿಸುವವಳು. ಎಂದಿನಂತೆ ನಗಲಿಲ್ಲ. ವ್ಯಾನು ಹೆದ್ದಾರಿಗೆ ಬಿದ್ದ ಮೇಲೆ ಇದ್ದಕ್ಕಿದ್ದಂತೆ, "ಸಾರ್, ಇಲ್ಲಿ ಡ್ಯಾಂಪರ್ ಹಿಡಿಗೆ ತೂತು ಕೊರೆಸಿ ಪಿನ್ ಯಾಕೆ ಹೊಡೆಸಿದ್ರಿ? ನಾವು ಬೇರೆ ಎಲ್ಲೂ ಹೊಡೆದಿಲ್ಲವಲ್ಲ," ಎಂದು ಕೇಳಿದಳು.

"ಯಾಕೆ ಅಂದ್ರೆ? ಆಪರೇಟರ್‌ಗಳು ಸುಮ್ನೆ ಇರ್ತಾರಾ? ಹೋದ ವರ್ಷ ಆ ಜ್ಯೂಸ್ ಫ್ಯಾಕ್ಟರಿಲಿ ನೋಡಿದೆ ಕಣಮ್ಮ, ನಾನು ಹಾಕಿದ ಗೆರೆ ಒಂದು ಕಡೆ, ಹಿಡಿ ಒಂದು ಕಡೆ. ಆಮೇಲೆ ಎಣ್ಣೆ ಫ್ಯಾಕ್ಟರಿಲೂ ಅದೇ ಕಥೆ. ನಾವು ಕಷ್ಟಪಟ್ಟು ಹದ ಮಾಡೋದು, ಇವ್ರು ಬಂದು ಕೈ ಆಡ್ಸೋದು. ಇನ್ಮೇಲೆ ಎಲ್ಲಾ ಕಡೆ ಪಿನ್ನೇ."

"ಅಲ್ಲೆಲ್ಲ ಯಾರಾದ್ರೂ ಕಂಪ್ಲೇಂಟ್ ಮಾಡಿದ್ರಾ ಸಾರ್?"

"ಇಲ್ವಲ್ಲ."

"ಇಲ್ಲಿ ಮಾಡಿದಾರೆ," ಎಂದು ಸೌಮ್ಯಶ್ರೀ ಕಿಟಕಿಯ ಕಡೆ ತಿರುಗಿಕೊಂಡಳು. ಅದು ಎದುರು ಮಾತೋ, ಸುಮ್ಮನೆ ಹೇಳಿದ ಮಾತೋ ಅವನಿಗೆ ತಿಳಿಯಲಿಲ್ಲ. ಏನೋ ಕೇಳಬೇಕೆಂದುಕೊಂಡ. ಅಷ್ಟರಲ್ಲಿ ತಲೆಯೊಳಗಿನ ಶಿಳ್ಳೆ ಜೋರಾಯಿತು, ಅಥವಾ ವ್ಯಾನಿನ ಕಿಟಕಿ ಸ್ವಲ್ಪ ತೆರೆದಿದ್ದಿರಬೇಕು. ಅವನು ಕಿಟಕಿಯನ್ನು ಒತ್ತಿ ಹಾಕಿದ. ಶಿಳ್ಳೆ ಹಾಗೇ ಇತ್ತು.

ಕಾರ್ಖಾನೆಯ ಒಳಗೆ ಕಾಲಿಟ್ಟರೆ ಮೊದಲು ಬರುವುದು ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಆಮೇಲೆ ಆ ಗುನುಗು. ಗುನುಗನ್ನು ಕೇಳಿದೊಡನೆ ಸುಧೀಂದ್ರನಿಗೆ ಜೀವ ಬಂದ ಹಾಗಾಯಿತು. ಇದಂತೂ ಕೇಳಿಸುತ್ತದಲ್ಲ! ತಲೆಯ ಮೇಲೆ ಬಾಟಲಿಗಳು ಒಂದರ ಹೆಗಲಿಗೊಂದು ತಾಗಿಕೊಂಡು ಹೋಗುತ್ತಿದ್ದವು, ಬಾಗಿನಲ್ಲಿ ಸ್ವಲ್ಪ ತೊನೆದು ಮತ್ತೆ ನೆಟ್ಟಗಾಗುತ್ತಿದ್ದವು. ಒಂದೂ ನಿಲ್ಲುತ್ತಿರಲಿಲ್ಲ. ಇದಕ್ಕಿಂತ ಚೆನ್ನಾಗಿ ಇನ್ನು ಹೇಗೆ ಮಾಡಬೇಕಂತೆ ಇವರಿಗೆ? ಬಾಗಿನ ಸರಿಯಾಗಿ ಕೆಳಗೆ, ಬೆಳಕಿನ ಹಲಗೆಯ ಎದುರು, ಹಾಲವ್ವ ಸ್ಟೂಲಿನ ಮೇಲೆ ಕೂತು ಸೊಟ್ಟಗಿದ್ದ ಬಾಟಲಿಗಳನ್ನು ಕೊಕ್ಕೆಯಿಂದ ಎಳೆದು ಬುಟ್ಟಿಗೆ ಹಾಕುತ್ತಿದ್ದಳು. ಮೂವತ್ತು ದಾಟಿರಲಾರದು. ಕಿವಿಗಳಲ್ಲಿ ಹತ್ತಿ ತುರುಕಿಕೊಂಡು, ಅದರ ಮೇಲೆ ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಭುಜಗಳೆರಡೂ ಕಿವಿಯ ಹತ್ತಿರಕ್ಕೆ ಏರಿಕೊಂಡಿದ್ದವು, ಮಳೆಯಲ್ಲಿ ಸಿಕ್ಕಿಕೊಂಡವರದು ಇರುತ್ತದಲ್ಲ ಹಾಗೆ. ಹೋದ ಸಲವೂ ಹಾಗೇ ಇದ್ದವೇನೋ, ಅವನು ಕಣ್ಣು ಮುಚ್ಚಿಕೊಂಡಿದ್ದನಲ್ಲ.

ಮುತ್ತುರಾಜ ಗಾಜಿನ ಕೋಣೆಯಿಂದ ಇಳಿದು ಬಂದ. "ಬನ್ನಿ ಸಾರ್, ಬನ್ನಿ. ನೋಡಿ, ನಾನೂ ಸುಳ್ಳು ಹೇಳಲ್ಲ, ಇಲ್ಲಿ ನಿಂತ್ರೆ ನಂಗೂ ಒಂಥರ ಚುರ್ ಅನ್ನುತ್ತೆ. ಆದ್ರೆ ಮಿಷನ್ ಅಂದ್ಮೇಲೆ ಸದ್ದು ಇದ್ದೇ ಇರುತ್ತೆ. ಮಾಮೂಲಿನೋ ಅಲ್ವೋ ಅನ್ನೋದನ್ನ ಹೇಳ್ಬೇಕಾದೋರು ನೀವು. ಹೋದ ಸಲ ಮಾಮೂಲಿ ಅಂದ್ರಿ. ಇವಳು ಒಪ್ತಿಲ್ಲ. ಇವತ್ತು ಇವಳ ಮುಂದೇನೇ ಇನ್ನೊಂದ್ಸಲ ಹೇಳ್ಬಿಡಿ. ನೀವು ಹೇಳಿದ ಮೇಲೂ ಆಗಲ್ಲ ಅಂದ್ರೆ ಊರಿಗೆ ಹೋಗ್ಲಿ. ಜಾಗ ಕೇಳ್ಕೊಂಡು ಗೇಟಲ್ಲಿ ಜನ ನಿಂತಿದಾರೆ."

ಹಾಲವ್ವ ಎದ್ದು ನಿಂತಳು. ತಲೆಯ ಬಟ್ಟೆ ಸಡಿಲಿಸಿ, ಒಂದು ಕಿವಿಯ ಹತ್ತಿ ತೆಗೆದುಕೊಂಡಳು. ಅವಳು ಅಳುತ್ತಾಳೆಂದುಕೊಂಡಿದ್ದ ಸುಧೀಂದ್ರ. ಅವಳಿಗೆ ಸಿಟ್ಟು ಬಂದಿತ್ತು. "ನಾ ಸುಳ್ಳ ಯಾಕ ಹೇಳಲ್ರಿ ಸರ? ಕೂತು ಮಾಡೋ ಕೆಲಸ, ನನಗ ಬ್ಯಾಡಾಗೇತೇನ್ರಿ? ಸಣ್ಣಗ ಕೂಗತೈತ್ರಿ ಅದು. ಕಿವ್ಯಾಗ ದಬ್ಬಣ ಇಟ್ಟ ತಿರುವಿದಂಗ ಆಕ್ಕೈತಿ. ನಿಮಗ ಕೇಳೂದಿಲ್ಲೇನ್ರಿ?"

ಅವನು ಕತ್ತು ಓರೆ ಮಾಡಿದ, ಕಣ್ಣು ಮುಚ್ಚಲು ಹೋದವನು ಮುಚ್ಚಲಿಲ್ಲ. ಗುನುಗು ಇತ್ತು. ಅದರ ಮೇಲೆ, ದೂರದಲ್ಲಿ, ಆ ಎಳೆಯೂ ಇತ್ತು, ಸಣ್ಣಗೆ, ಹಿತವಾಗಿ, ಗುರುಸಿದ್ದಯ್ಯನವರು ಹೇಳಿದಷ್ಟೇ ಸಣ್ಣಗೆ. ಅಂದರೆ ಸರಿಯಾಗೇ ಇದೆ. ಸರಿಯಾಗಿದೆ ಎಂದು ಒಂದು ಮಾತು ಹೇಳಿದರೆ ಮುಗಿಯಿತು, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

"ಇಲ್ಲಿದ್ದಾಗ ಆದ್ರ ತಡಕೋತೇನ್ರಿ," ಎಂದಳು ಹಾಲವ್ವ. ಅವಳ ದನಿ ಈಗ ಇಳಿದಿತ್ತು. "ಮನಿಗೆ ಹೋದಮ್ಯಾಗೂ ಬಿಡವಲ್ದ್ರಿ. ಮಕ್ಕೊಂಡ್ರ ಕೂಗತೈತಿ. ನಲ್ಲಿ ಬಿಟ್ಟೇನೇನೋ ಅಂತ ಎದ್ದ ಹೋಗಿ ನೋಡತೇನಿ, ನಲ್ಲಿ ಬಂದಾಗೇ ಇರತೈತಿ. ನಮ್ಮ ಮನ್ಯಾವ್ರು ಯಾ ಸಪ್ಪಳಾನೂ ಇಲ್ಲ, ನಿನಗ ತಲಿ ಕೆಟ್ಟೈತಿ ಅಂತಾರ್ರಿ."

ಸುಧೀಂದ್ರನ ಕೈ ತಾನಾಗಿ ಹೋಗಿ ಹಳಿಯ ಕಂಬವನ್ನು ಹಿಡಿದುಕೊಂಡಿತು. ನಲ್ಲಿ. ಕತ್ತಲಲ್ಲಿ ಎದ್ದು, ಗೋಡೆ ಸವರಿಕೊಂಡು ಹೋಗಿ, ಒಣಗಿದ ನಲ್ಲಿಯ ಬಾಯಿಗೆ ಬೆರಳು ಹಚ್ಚಿ ನೋಡುವುದು. ಅವನು ಇದನ್ನು ರಾಗಿಣಿಗೂ ಸರಿಯಾಗಿ ಹೇಳಿರಲಿಲ್ಲ. ಇವಳಿಗೆ ಯಾರು ಹೇಳಿದರು? ಒಂದು ಕ್ಷಣ ಇವಳು ತನ್ನನ್ನು ಅಣಕಿಸುತ್ತಿದ್ದಾಳೆಂದೇ ಅನ್ನಿಸಿ ಮೈ ಬಿಸಿಯಾಯಿತು. ಆಮೇಲೆ ಅವಳ ಮುಖ ನೋಡಿದ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಇದನ್ನು ಅವನು ಕನ್ನಡಿಯಲ್ಲಿ ದಿನಾ ನೋಡುತ್ತಾನೆ. ಅಯ್ಯೋ ದೇವರೇ, ಎಂದುಕೊಂಡ. ಹೊರಗೆ ಹೇಳಿದ್ದು ಮಾತ್ರ, "ಏಣಿ ಎಲ್ಲಿದೆ?"

ಏಣಿ ಹತ್ತಿದ. ಕೊಳವೆಯ ಪಕ್ಕದಲ್ಲಿ, ಅವನೇ ನಿಂತು ಕೊರೆಸಿದ ತೂತಿನಲ್ಲಿ, ಅವನೇ ಸುತ್ತಿಗೆಯಿಂದ ಹೊಡೆದ ಉಕ್ಕಿನ ಪಿನ್ನು ಗಟ್ಟಿಯಾಗಿ ಕೂತಿತ್ತು. ಹಿಡಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಈ ಒಂದು ಕಾರ್ಖಾನೆಯಲ್ಲಿ ಮಾತ್ರ ಅವನು ಇಟ್ಟ ಕಡೆಯೇ ಇತ್ತು. ಈ ಒಂದು ಕಾರ್ಖಾನೆಯಲ್ಲಿ ಮಾತ್ರ ದೂರು ಬಂದಿತ್ತು. ಜ್ಯೂಸ್ ಕಾರ್ಖಾನೆಯಲ್ಲಿ ಗೆರೆಯಿಂದ ಹಿಡಿ ಸರಿದಿದ್ದು ಎಷ್ಟು? ಎಣ್ಣೆಯ ಕಾರ್ಖಾನೆಯಲ್ಲಿ ಎಷ್ಟು? ಆಗ ಕೋಪದಲ್ಲಿ ನೋಡಿದ್ದು ಈಗ ಕಣ್ಣಿಗೆ ಕಟ್ಟಿದಂತೆ ಬಂತು. ಎರಡೂ ಕಡೆ ಕೆಳಕ್ಕೆ. ಎರಡೂ ಕಡೆ ಒಂದೇ ಅಳತೆ. ಕೆಟ್ಟ ಕುತೂಹಲಕ್ಕೆ ಕೈಯಾಡಿಸುವವರು ಹಾಗೆ ಅಳೆದು ಆಡಿಸುವುದಿಲ್ಲ. ಆ ಅಳತೆ ಅವನಿಗೆ ಗೊತ್ತು. ಅದು ಅವನ ಹೆಬ್ಬೆರಳಿನದೇ ಅಳತೆ. ಕೆಳಗೆ ನೋಡಿದ. ಸೌಮ್ಯಶ್ರೀ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೇಲಕ್ಕೆ ನೋಡದೆ, ನೆಲ ನೋಡುತ್ತ ನಿಂತಿದ್ದಳು.

"ಸೌಮ್ಯ," ಎಂದು ಕರೆದ. ಅವಳು ಎರಡು ಮೆಟ್ಟಿಲು ಹತ್ತಿ ಬಂದಳು. ಬೇರೆಯವರಿಗೆ ಕೇಳಿಸದಿರಲೆಂದು ಬಗ್ಗಿ, "ಉಳಿದ ಕಡೆ ಎಲ್ಲಾ ನೀನೇನಾ?" ಎಂದು ಕೇಳಿದ.

ಅವಳ ತುಟಿ ಅಲ್ಲಾಡಿತು. ಅವನಿಗೆ ಕೇಳಿಸಲಿಲ್ಲ, ಆದರೆ ಹೂಂ ಎನ್ನುವುದಕ್ಕೆ ಬಾಯಿ ಹೇಗಾಗುತ್ತದೆಂದು ಯಾರಿಗೆ ಗೊತ್ತಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೇಗೆ ಸಾರ್ ಹೇಳೋದು?" ಎಂದಳು, ಈಗ ಜೋರಾಗಿಯೇ. ಅವಳ ಕಣ್ಣು ತುಂಬಿತ್ತು. "ನೀವು ಟೀ ಕುಡಿಯೋಕೆ ಹೋದಾಗ ಇಳಿಸ್ಬಿಡ್ತಿದ್ದೆ. ಇಲ್ಲಿ ಪಿನ್ ಇತ್ತು. ಪಿನ್ ತೆಗೀಬೇಕು ಅಂದ್ರೆ ನಿಮ್ಮನ್ನೇ ಕೇಳ್ಬೇಕಿತ್ತು. ಕೇಳೋಕೆ ಆಗ್ಲಿಲ್ಲ ಸಾರ್. ಆಯಮ್ಮನ್ನ ನೋಡಿದಾಗೆಲ್ಲ ಸಂಕಟ ಆಗ್ತಿತ್ತು."

ಅವಳ ಮೇಲೆ ಕೋಪ ಬರಬೇಕಾಗಿತ್ತು. ಬಂದಿದ್ದರೆ ಒಳ್ಳೆಯದಿತ್ತು. ನೆನಪಿನಲ್ಲಿ ಸೋಡಾ ಕಾರ್ಖಾನೆಯ ಏಣಿಯ ಕೆಳಗೆ ಗುರುಸಿದ್ದಯ್ಯನವರು ನಿಂತಿದ್ದರು. ಚಹಾ ಬೇಗ ಮುಗಿಸಿ ಬಂದಿದ್ದ ಅವತ್ತು, ಸುಧೀಂದ್ರ ಇಳಿದು ಕೈ ಒರೆಸಿಕೊಂಡು ಪಕ್ಕಕ್ಕೆ ಹೋದ ಮೇಲೆ, ಅವರು ತಾವೇ ಮೆಲ್ಲಗೆ ಏಣಿ ಹತ್ತಿದ್ದರು. ಹಿಡಿಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದರು. ತಾವು ಎಳೆದ ಬಿಳಿ ಗೆರೆಯನ್ನು ನೋಡಿದರು, ಅದರ ಕೆಳಗಿದ್ದ ಹಿಡಿಯನ್ನು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಆ ಗೆರೆಯನ್ನು ಪೂರ್ತಿ ಒರೆಸಿ, ಹಿಡಿ ಇದ್ದ ಕಡೆಗೇ ಹೊಸ ಗೆರೆ ಎಳೆದು ಇಳಿದು ಬಂದರು. "ಬಾರಯ್ಯ, ಹೋಗೋಣ," ಎಂದರು. ದಾರಿಯುದ್ದಕ್ಕೂ ತಮ್ಮ ಮೊಮ್ಮಗಳ ಮುಡಿ ತೆಗೆಸಿದ್ದರ ವಿಷಯ ಹೇಳಿದರು. ಅದೇ ಕೊನೆ, ಮತ್ತೆ ಅವರು ಯಾವ ಕಾರ್ಖಾನೆಗೂ ಬರಲಿಲ್ಲ, ಕಾಲು ನೋವು ಎಂದರು. ಸುಧೀಂದ್ರ ಅದನ್ನು ಕಾಲು ನೋವೆಂದೇ ನಂಬಿದ್ದ, ನಂಬುವುದು ಅನುಕೂಲವಾಗಿತ್ತು. ಅವರು ಗೆರೆ ಒರೆಸಿಕೊಂಡರು, ತಾನು ಪಿನ್ನು ಹೊಡೆಸಿದೆ. ಅವನಿಗೆ ಏಣಿಯ ಮೇಲೆಯೇ ಜೋರಾಗಿ ಅತ್ತುಬಿಡಬೇಕೆನ್ನಿಸಿತು. ಐವತ್ತೈದು ದಾಟಿದ ಗಂಡಸು ಕಾರ್ಖಾನೆಯ ಏಣಿಯ ಮೇಲೆ ಅಳುತ್ತಾನೆಯೇ, ಅತ್ತರೆ ಮುತ್ತುರಾಜ ಏನೆಂದುಕೊಳ್ಳುತ್ತಾನೆ ಎಂಬ ಯೋಚನೆಯೂ ಜೊತೆಯಲ್ಲೇ ಬಂತು. ಇಂಥ ಹೊತ್ತಿನಲ್ಲೂ ಮಾನದ ಲೆಕ್ಕ!

"ಸುತ್ತಿಗೆ ಕೊಡು," ಎಂದ. ಪಿನ್ನು ಹಠ ಮಾಡಿತು, ಎರಡು ಸಲ ಬೆರಳ ಮೇಲೆ ಪೆಟ್ಟು ಬಿತ್ತು. ಕೊನೆಗೆ ಅದು ಸಡಿಲವಾಗಿ ಅಂಗೈಗೆ ಬಿತ್ತು. "ನೀನೇ ಇಳಿಸು," ಎಂದು ಏಣಿಯಿಂದ ಇಳಿದು ಅವಳಿಗೆ ಜಾಗ ಬಿಟ್ಟ. ಸೌಮ್ಯಶ್ರೀ ಹತ್ತಿ ಹಿಡಿಯನ್ನು ಹಿಡಿದಳು. ಸುಧೀಂದ್ರ ಮೇಲೆ ನೋಡಲಿಲ್ಲ, ಕಿವಿಯನ್ನೂ ಕೊಡಲಿಲ್ಲ. ಹಾಲವ್ವನ ಭುಜಗಳನ್ನು ನೋಡುತ್ತ ನಿಂತ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಹುಬ್ಬು ಸಡಿಲವಾಯಿತು. ಭುಜಗಳು ನಿಧಾನವಾಗಿ, ತಾವೇ ಮರೆತುಹೋಗಿದ್ದ ಜಾಗಕ್ಕೆ ಇಳಿದವು. ಬುಟ್ಟಿಯ ಹತ್ತಿರವಿದ್ದ ಇನ್ನಿಬ್ಬರು ಹೆಂಗಸರೂ ಒಟ್ಟಿಗೆ ಮೇಲಕ್ಕೆ ನೋಡಿದರು. ಅವತ್ತು ನಕ್ಕಿದ್ದವಳು, "ಅಯ್ಯಪ್ಪಾ, ಬದುಕಿದ್ವಿ!" ಎಂದಳು. ಬಾಟಲಿಗಳು ಅದೇ ಥರ ಸಾಲಾಗಿ ಹೋಗುತ್ತಿದ್ದವು, ಒಂದೂ ನಿಲ್ಲಲಿಲ್ಲ. ಸುಧೀಂದ್ರನಿಗೆ ಏನೂ ಬದಲಾದಂತೆ ತೋರಲಿಲ್ಲ. ದೂರದ ಆ ಹಿತವಾದ ಎಳೆ ಮಾತ್ರ ಇಲ್ಲವಾಗಿತ್ತು.

"ಅಂದ್ರೆ ಸದ್ದು ಇತ್ತಾ ಸಾರ್?" ಎಂದ ಮುತ್ತುರಾಜ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹೋದ ಸಲ ಇಲ್ಲ ಅಂದಿದ್ರಲ್ಲ."

ಈ ಘಳಿಗೆಗೂ ಒಂದು ಬಾಗಿಲು ತೆರೆದಿತ್ತು. ಪಿನ್ನು ಸಡಿಲವಾಗಿ ಹಿಡಿ ತಾನಾಗೇ ಏರಿತ್ತು ಅನ್ನಬಹುದಾಗಿತ್ತು. ಗಾಳಿಯೂದುವ ಬ್ಲೋವರಿನ ಫಿಲ್ಟರು ಕಟ್ಟಿಕೊಂಡಿತ್ತು ಅನ್ನಬಹುದಾಗಿತ್ತು. ಸೌಮ್ಯಶ್ರೀ ಏಣಿಯ ಮೇಲೆಯೇ ನಿಂತು, ಅವನು ಏನು ಹೇಳಿದರೂ ಒಪ್ಪಿಕೊಳ್ಳಲು ತಯಾರಾದವಳಂತೆ ಕಾಯುತ್ತಿದ್ದಳು. ಅವಳ ಆ ಮುಖವನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಇತ್ತು," ಎಂದ. "ಹೋದ ಸಲವೂ ಇತ್ತು. ನಂಗೆ ಕೇಳಿಸ್ಲಿಲ್ಲ. ನಂಗೆ ಆ ಸದ್ದು ಇದ್ದಷ್ಟು ಕೇಳಿಸೋದು ನಿಂತುಹೋಗಿದೆ ಮುತ್ತುರಾಜ್, ಎಷ್ಟು ದಿನ ಆಯ್ತೋ ಗೊತ್ತಿಲ್ಲ. ಈ ಅಮ್ಮ ಹೇಳಿದ್ದು ಅಕ್ಷರ ಅಕ್ಷರ ನಿಜ. ತಪ್ಪು ನನ್ನದು."

ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿಬಿಟ್ಟಿದ್ದನೆಂದು ಸುತ್ತಲಿನವರ ಮುಖದಿಂದ ತಿಳಿಯಿತು. ಆ ತುದಿಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಕಿವುಡರು ಹೀಗೇ ಮಾತಾಡುತ್ತಾರೆ. ಮುತ್ತುರಾಜ ನಗಬೇಕೋ ಬೇಡವೋ ತಿಳಿಯದೆ, "ಏನ್ ಸಾರ್ ನೀವು, ವಯಸ್ಸಾದ್ಮೇಲೆ ಎಲ್ಲಾರ್ಗೂ ಇದ್ದಿದ್ದೇ," ಎಂದು ಅವನ ತೋಳು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹಾಲವ್ವನ ಕಡೆ ತಿರುಗಿ, "ಆಯ್ತು ಕಣಮ್ಮ, ಕೂತ್ಕೋ. ನಿನ್ನ ಯಾರೂ ಎಲ್ಲಿಗೂ ಕಳಿಸಲ್ಲ," ಎಂದ. ಲಕ್ಷ್ಮೀಪತಿಯವರಿಗೆ ಸಾಯಂಕಾಲದೊಳಗೆ ವಿಷಯ ಮುಟ್ಟುತ್ತದೆ. ಅವರು ಹೆಗಲು ತಟ್ಟುವುದನ್ನು ನಿಲ್ಲಿಸುತ್ತಾರೆ, ಮೀಟರ್ ತರಿಸುತ್ತಾರೆ. ತರಿಸಲಿ. ರಾಗಿಣಿಗೆ ಫೋನು ಮಾಡಿ ಆ ಡಾಕ್ಟರ ಹೆಸರು ಕೇಳಬೇಕು. ಎದೆಯ ಮೇಲಿಂದ ಏನೋ ಇಳಿದ ಹಾಗಿತ್ತು, ಇಷ್ಟು ಸುಲಭವಾಗಿತ್ತೇ ಇದು ಎಂದು ಅವನಿಗೆ ಆಶ್ಚರ್ಯವಾಯಿತು.

ಊಟದ ಹೊತ್ತಾಯಿತೆಂದು ಯಾರೋ ಗುಂಡಿ ಒತ್ತಿದರು. ಬ್ಲೋವರ್ ಒಂದು ಉದ್ದನೆಯ ಉಸಿರು ಬಿಟ್ಟು ನಿಂತಿತು. ಸಾಲಿನ ಬಾಟಲಿಗಳು ಇದ್ದಲ್ಲೇ ತೂಗಾಡಿ, ಒಂದೊಂದಾಗಿ ಅಲುಗಾಟ ನಿಲ್ಲಿಸಿದವು. ಹೆಂಗಸರು ಡಬ್ಬಿಗಳನ್ನು ತೆಗೆದುಕೊಂಡು ಹೊರಗಡೆ ಹೊಂಗೆಮರದ ಕಡೆಗೆ ಹೊರಟರು. "ಆಹಾ, ಈಗ ನೋಡಿ ಸಾರ್, ಎಷ್ಟು ಪ್ರಶಾಂತ," ಎನ್ನುತ್ತ ಮುತ್ತುರಾಜ ತನ್ನ ಗಾಜಿನ ಕೋಣೆಯ ಮೆಟ್ಟಿಲು ಹತ್ತಿದ. ಸೌಮ್ಯಶ್ರೀ ಏಣಿ ಮಡಚಿ ಗೋಡೆಗೆ ಒರಗಿಸಲು ಹೋದಳು.

ಹಾಲವ್ವ ಮಾತ್ರ ಸ್ಟೂಲಿನ ಹತ್ತಿರವೇ ನಿಂತಿದ್ದಳು. ಎರಡೂ ಕಿವಿಯ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಲೆ ಓರೆ ಮಾಡಿ ನಿಂತಲ್ಲೇ ಸುತ್ತ ನೋಡುತ್ತಿದ್ದಳು. ಮೇಲಿನ ಕೊಳವೆಯನ್ನು ನೋಡಿದಳು. ಮೂಲೆಯಲ್ಲಿದ್ದ ಕೈತೊಳೆಯುವ ನಲ್ಲಿಯನ್ನು ನೋಡಿದಳು. ಅವಳೇನು ಹುಡುಕುತ್ತಿದ್ದಾಳೆಂದು ಸುಧೀಂದ್ರನಿಗೆ ತಿಳಿಯಿತು.

"ನಿಂತಿತೇನಮ್ಮ?" ಎಂದು ಕೇಳಿದ.

ಅವಳು ಇನ್ನೂ ಸ್ವಲ್ಪ ಹೊತ್ತು ಆಲಿಸಿದಳು. "ಇಲ್ರಿ ಸರ. ಮಿಷನ್ ನಿಂತೈತಿ. ಅದು ನಿಂತಿಲ್ಲ."

"ನಂಗೂ ಇದೆ," ಎಂದ ಅವನು.

ಅವಳು ಅವನ ಮುಖವನ್ನು ನೋಡಿದಳು. ಅಲ್ಲಿ ಈಗ ಸಿಟ್ಟಿರಲಿಲ್ಲ. ಒಂದೇ ರೋಗದವರು ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕಪಕ್ಕ ಕೂತಾಗ ನೋಡಿಕೊಳ್ಳುವಂತೆ ನೋಡಿದಳು. ಅವನಿಗೆ ಎಷ್ಟು ದಿನದಿಂದ ಇದೆಯೆಂದು ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ಹತ್ತಿಯನ್ನು ಬೆರಳುಗಳ ನಡುವೆ ಹೊಸೆಯುತ್ತ, ಮೆಲ್ಲಗೆ, ಹತ್ತಿರ ನಿಂತವರಿಗೂ ಕೇಳಿಸಲಾರದಷ್ಟು ಮೆಲ್ಲಗೆ, "ಇದು ಹೋಗತೈತೇನ್ರಿ ಸರ?" ಎಂದಳು.

ಆ ಮಾತಿನ ಒಂದಕ್ಷರವೂ ಅವನಿಗೆ ತಪ್ಪಲಿಲ್ಲ.